ತಿದಿ ತುಳಿಯುವ ಹೆಂಗಸರು

ಪ್ರೀತಿಯ ರಾಘು,

ಮಗಳಿಗೆ ತೋರಿಸಲು ಗಟ್ಟಿ ಹೆಣ್ಣುಪಾತ್ರಗಳಿರುವ ಸಿನಿಮಾ ಹೇಳು ಎಂದು ಬರೆದಿದ್ದೀಯ. ಕತ್ತಿ ಹಿಡಿದು ಹತ್ತು ಜನರನ್ನು ಉರುಳಿಸುವವಳು ಇದ್ದರೆ ಇನ್ನೂ ಒಳ್ಳೆಯದು ಅಂತಲೂ ಸೇರಿಸಿದ್ದೀಯ. ಅಂಥವಳು ಈಗ ಬೇಕಾದಷ್ಟು ಸಿಗುತ್ತಾಳೆ ಕಣೋ. ಒಂದು ಹೊಡೆದಾಟದಲ್ಲಿ ಮಿಂಚಿ, ಆಮೇಲೆ ನಾಯಕನ ಪಕ್ಕ ಸುಮ್ಮನೆ ನಿಂತುಬಿಡುತ್ತಾಳೆ. ಅವಳಿಗೆ ಏನು ಬೇಕಿತ್ತು, ಎಲ್ಲಿ ಎಡವಿದಳು, ಒಂದೂ ತಿಳಿಯುವುದಿಲ್ಲ.

ನನಗೆ ಮೊದಲು ನೆನಪಾಗುವವಳು ಎಬೋಶಿ. ಜಪಾನಿನ ಆನಿಮೇಷನ್ ನಿರ್ದೇಶಕ ಹಯಾವೊ ಮಿಯಾಝಾಕಿ 1997ರಲ್ಲಿ ಮಾಡಿದ ‘ಪ್ರಿನ್ಸೆಸ್ ಮೊನೊನೊಕೆ’ಯಲ್ಲಿ, ಕಾಡಿನಂಚಿನ ಕಬ್ಬಿಣದೂರಿನ ಒಡತಿ. ಸೂಳೆಗೇರಿಗೆ ಮಾರಿಹೋಗಿದ್ದ ಹೆಣ್ಣುಮಕ್ಕಳನ್ನು ಬಿಡಿಸಿ ತಂದು ಕೆಲಸ ಕೊಟ್ಟಿದ್ದಾಳೆ. ಹೆಂಗಸರು ಕಾಲಿಟ್ಟರೆ ಕಬ್ಬಿಣ ಮೈಲಿಗೆಯಾಗುತ್ತದೆ ಎನ್ನುತ್ತಿದ್ದ ಕಾಲ. ಅವಳ ಊರಿನಲ್ಲಿ ಅವರೇ ಪಾಳಿಯ ಮೇಲೆ ಕುಲುಮೆಗೆ ಗಾಳಿ ಊದುವ ದೈತ್ಯ ತಿದಿ ತುಳಿಯುತ್ತಾರೆ, ತುಳಿಯುತ್ತಲೇ ಹಾಡುತ್ತಾರೆ. ಅವರಲ್ಲಿ ಟೋಕಿ ಎಂಬವಳು ಸತ್ತನೆಂದುಕೊಂಡಿದ್ದ ಗಂಡ ಮರಳಿ ಬಂದಾಗ ಎಲ್ಲರೆದುರು ಬೈಯುತ್ತಾಳೆ. ಆ ಬೈಗುಳದಲ್ಲಿರುವ ಪ್ರೀತಿ ನಮ್ಮ ಹಳ್ಳಿಯ ಹೆಂಗಸರನ್ನು ಕಂಡವರಿಗೆ ಥಟ್ಟನೆ ಗೊತ್ತಾಗುತ್ತದೆ. ಲೋಕ ಹೊರಗಿಟ್ಟ ಕುಷ್ಠರೋಗಿಗಳ ಕೊಳೆತ ಗಾಯವನ್ನು ಎಬೋಶಿ ತಾನೇ ತೊಳೆದು ಬಟ್ಟೆ ಕಟ್ಟಿದ್ದಾಳೆ. ಅವರ ಕೈಯಲ್ಲೇ ಕೋವಿ ಮಾಡಿಸುತ್ತಾಳೆ. ಅಂಥ ಕೋವಿಯಿಂದಲೇ ಕಾಡಿನ ದೇವರ ತಲೆ ಹಾರಿಸುತ್ತಾಳೆ!

ಇಷ್ಟು ಕರುಣೆ, ಇಷ್ಟು ಕ್ರೌರ್ಯ ಒಬ್ಬಳಲ್ಲೇ. ತಪ್ಪು ಮಾಡುವ ಹಕ್ಕನ್ನು ನಮ್ಮ ಸಿನಿಮಾಗಳು ಗಂಡಸಿಗೆ ಧಾರಾಳವಾಗಿ ಕೊಡುತ್ತವೆ. ಹೆಂಗಸು ತಪ್ಪಿದರೆ ಅವಳು ಖಳನಾಯಕಿ. ಇಲ್ಲಿ ಎಬೋಶಿ ತೋಳು ಕಳೆದುಕೊಂಡೂ ಬದುಕುತ್ತಾಳೆ, ಈ ಸಲ ಒಳ್ಳೆಯ ಊರು ಕಟ್ಟೋಣ ಎನ್ನುತ್ತಾಳೆ. ಅವಳ ವೈರಿ, ತೋಳಗಳು ಸಾಕಿದ ಸಾನ್, ಕೊನೆಯವರೆಗೂ ಮನುಷ್ಯರನ್ನು ಕ್ಷಮಿಸುವುದಿಲ್ಲ. ಪ್ರೀತಿಸಿದ ಹುಡುಗನನ್ನು ಬಿಟ್ಟು ಕಾಡಿಗೇ ಮರಳುತ್ತಾಳೆ. ಮದುವೆ ಮಾಡಿಸಿ ಮುಗಿಸುವ ಆತುರ ಆ ಸಿನಿಮಾಗಿಲ್ಲ.

ಗೆಲ್ಲಲೇಬೇಕೆಂದೂ ಇಲ್ಲ. ನಮ್ಮ ‘ಶರಪಂಜರ’ದ ಕಾವೇರಿಯನ್ನು ನೆನೆ. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆರೆಗೆ ತಂದದ್ದು. ಕಾಯಿಲೆ ವಾಸಿಯಾಗಿ ಮನೆಗೆ ಬಂದವಳನ್ನು ಮನೆಯವರೂ ಊರವರೂ ಹುಚ್ಚಿ ಎಂದೇ ನೋಡುತ್ತಾರೆ, ಮತ್ತೆ ಮುರಿದುಬೀಳುತ್ತಾಳೆ. ಕಲ್ಪನಾ ಮಾಡಿದ ಆ ಪಾತ್ರವನ್ನು ದುರ್ಬಲ ಎನ್ನಲು ನಿನಗೆ ಬಾಯಿ ಬರುತ್ತದಾ? ನನಗಂತೂ ಬರುವುದಿಲ್ಲ.

ಮಗಳಿಗೆ ಈಗ ಮಿಯಾಝಾಕಿಯದೇ 1989ರ ‘ಕಿಕೀಸ್ ಡೆಲಿವರಿ ಸರ್ವಿಸ್’ ತೋರಿಸು. ಹದಿಮೂರರ ಪುಟ್ಟ ಮಾಟಗಾತಿ ಕಿಕಿ ಮನೆ ಬಿಟ್ಟು ಬಂದು, ಪೊರಕೆಯ ಮೇಲೆ ಹಾರುತ್ತಾ ಸಾಮಾನು ತಲುಪಿಸಿ ದುಡಿಯುತ್ತಾಳೆ. ನಡುವೆ ಒಂದು ದಿನ ಹಾರುವುದೇ ಬರದಂತಾಗುತ್ತದೆ. ಖಳನಾಯಕ ಯಾರೂ ಇಲ್ಲ, ಕಷ್ಟ ಅಷ್ಟೇ. ಆಮೇಲೆ ಅವನದೇ ‘ಸ್ಪಿರಿಟೆಡ್ ಅವೇ’. ಅಪ್ಪ ಅಮ್ಮ ಹಂದಿಗಳಾಗುವಾಗ ಚಿಕ್ಕವರು ಹೆದರುತ್ತಾರೆ, ಪಕ್ಕದಲ್ಲೇ ಕೂತಿರು. ಹತ್ತು ವರ್ಷದ ಚಿಹಿರೊ ಕೂಡ ಹೆದರುಪುಕ್ಕಲಿಯೇ. ನಡುಗುತ್ತಲೇ ಮಾಟಗಾತಿಯ ಮುಂದೆ ನಿಂತು ‘ನನಗೆ ಕೆಲಸ ಕೊಡಿ’ ಎಂದು ಪಟ್ಟು ಹಿಡಿಯುತ್ತಾಳೆ.

ಮೊನೊನೊಕೆ ಸದ್ಯಕ್ಕೆ ಬೇಡ, ತಲೆ ಕೈ ಕತ್ತರಿಸಿ ಹಾರುತ್ತವೆ. ನೀನು ಮಾತ್ರ ಈ ವಾರವೇ ನೋಡು. ನೋಡಿ, ಎಬೋಶಿಯ ಕಡೆಯೋ ಸಾನ್ ಕಡೆಯೋ ಅಂತ ನನಗೆ ಬರೆ.

ನಿನ್ನ
ಸುಮಾ