ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗು

ಪ್ರೀತಿಯ ಮಗಳೇ,

ನಿನಗೆ ಸಂಶೋಧನೆ ಮಾಡಲು ಜೆಆರ್‌ಎಫ್ ಫೆಲೋಶಿಪ್ ಸಿಕ್ಕಿತು ಅಂತ ಅಣ್ಣ ಫೋನ್ ಮಾಡಿದ್ದ. ವೈನಿ ಓಣಿ ತುಂಬಾ ಪೇಡಾ ಹಂಚಿದರಂತೆ. ಬಹಳ ಖುಷಿ ಆಯಿತು. ಆದರೆ ನೀನು ಕಳಿಸಿದ ಮೆಸೇಜು ಎರಡು ದಿನದಿಂದ ತಲೆಯಲ್ಲೇ ಕೂತಿದೆ. "ಕಾಕಾ, ಕಲಬುರಗಿ ಸುತ್ತ ಏನಿದೆ, ಬರೀ ಜಾಲಿ ಕಂಟಿ, ಪಿಎಚ್.ಡಿ.ಗೆ ಪಶ್ಚಿಮ ಘಟ್ಟಕ್ಕೇ ಹೋಗ್ತೀನಿ" ಅಂತ ಬರೆದಿದ್ದೀಯಲ್ಲ, ಅದಕ್ಕೇ ಈ ಪತ್ರ.

ಘಟ್ಟಕ್ಕೆ ಹೋಗಬೇಡ ಅನ್ನುತ್ತಿಲ್ಲ. ಹೋಗು, ಕಲಿ. ಆದರೆ ಇಲ್ಲಿ ಏನೂ ಇಲ್ಲ ಅನ್ನುವ ಮಾತನ್ನು ತಲೆಯಿಂದ ತೆಗೆದುಬಿಡು. 1916ರಲ್ಲಿ ಅಮೆರಿಕದ ಸಸ್ಯ ವಿಜ್ಞಾನಿ ಕ್ಲೆಮೆಂಟ್ಸ್ ಏನು ಹೇಳಿದ ಅಂತ ಪರೀಕ್ಷೆಗೆ ಓದಿರುತ್ತೀಯ. ಮೊದಲು ಹುಲ್ಲು, ಆಮೇಲೆ ಪೊದೆ, ಆಮೇಲೆ ಮರ, ಹೀಗೆ ಸಸ್ಯಗಳೆಲ್ಲ ಸೇರಿ ಒಂದೇ ಜೀವಿಯ ಹಾಗೆ ಬೆಳೆಯುತ್ತಾ ಹವಾಮಾನಕ್ಕೆ ತಕ್ಕ ಕೊನೆಯ ಹಂತ ಮುಟ್ಟಿ ನಿಲ್ಲುತ್ತವೆ ಅಂದ. 1926ರಲ್ಲಿ ಅಲ್ಲಿಯದೇ ಇನ್ನೊಬ್ಬ ಸಸ್ಯ ವಿಜ್ಞಾನಿ ಗ್ಲೀಸನ್ ಒಪ್ಪಲಿಲ್ಲ. ಒಂದೊಂದು ಜಾತಿಯೂ ತನ್ನ ದಾರಿ ತಾನು ನೋಡಿಕೊಳ್ಳುತ್ತದೆ, ಬೀಜ ಎಲ್ಲಿ ಬಿತ್ತು, ಅಲ್ಲಿ ಮಣ್ಣು ನೀರು ಹೇಗಿದೆ ಅನ್ನುವುದೇ ಮುಖ್ಯ ಅಂದ. ಇದು ಸುಮ್ನೆ ಐದು ಅಂಕದ ಪ್ರಶ್ನೆ ಅಲ್ಲ. ಕ್ಲೆಮೆಂಟ್ಸ್ ಮಾತು ಹಿಡಿದು ಹುಲ್ಲುಗಾವಲು ಅಂದರೆ ಇನ್ನೂ ಕಾಡಾಗದ ಜಾಗ ಅಂತ ತಿಳಿದರೆ, ಅಲ್ಲಿ ಗುಂಡಿ ತೋಡಿ ಸಸಿ ನೆಡುವುದು ಪುಣ್ಯದ ಕೆಲಸ ಅನ್ನಿಸುತ್ತದೆ, ಅಲ್ವಾ? ಬೀದರ್ ಕಡೆಯ ಕೃಷ್ಣಮೃಗಕ್ಕೆ ಬೇಕಿರುವುದು ಬಯಲು. ಕುರಿಗಾರರಿಗೂ ಅದೇ ಬೇಕು. ಕಂದಾಯ ಬಾರದ ಭೂಮಿಯೆಲ್ಲ ಪಾಳು ಅನ್ನುವ ಹಳೇ ಲೆಕ್ಕವೂ ಇದಕ್ಕೆ ಸೇರಿಕೊಂಡು, ಕುರುಚಲು ಬಯಲು ಇವತ್ತಿಗೂ ಸರ್ಕಾರಿ ನಕ್ಷೆಗಳಲ್ಲಿ ಪಾಳುಭೂಮಿ ಅಂತಲೇ ಇದೆ. ನೋಡಿದಾಗೆಲ್ಲ ಸಂಕಟ ಆಗುತ್ತದೆ.

ನಮ್ಮ ಚಿಂಚೋಳಿ ಕಾಡು 2011ರಲ್ಲಿ ವನ್ಯಜೀವಿ ಧಾಮ ಆಯಿತು. ಸುಮಾರು 135 ಚದರ ಕಿಲೋಮೀಟರ್. ಬೇಸಿಗೆಯಲ್ಲಿ ಹೋದವರು ಒಣಗಿದ ಕಟ್ಟಿಗೆ ನೋಡಿ ವಾಪಸ್ ಬರುತ್ತಾರೆ. ಅಲ್ಲಿ ಬೆರಳು ದಪ್ಪದ ಸಾಗವಾನಿ ಸಸಿ ಕಂಡರೆ ಅದರ ವಯಸ್ಸು ಒಂದೇ ವರ್ಷ ಅಂತ ಬರೆದುಕೊಳ್ಳಬೇಡ. ಒಣ ಕಾಡಿನ ಸಸಿ ಬಿಸಿಲಿಗೋ ಬೆಂಕಿಗೋ ನೆಲದ ಮೇಲೆ ಸತ್ತು, ಮಳೆ ಬಂದಾಗ ಬೇರಿನಿಂದ ಮತ್ತೆ ಚಿಗುರುತ್ತದೆ. ಮೇಲೆ ಮೊಣಕಾಲೆತ್ತರ, ಕೆಳಗೆ ಎಷ್ಟೋ ವರ್ಷದ ಬೇರು. ಮುತ್ತಲವೂ ಹಾಗೆಯೇ. ಒಂದು ಸಲ ಹೋಗಿ ಎಣಿಸಿ ಬಂದವರಿಗೆ ಇದು ತಿಳಿಯುವುದೇ ಇಲ್ಲ.

ಅದಕ್ಕೇ ನಾನು ನಿನಗೆ ಹೇಳುವುದು ಒಂದೇ. ಒಂದು ಜಾಗ ಹಿಡಿ, ಅಲ್ಲಿಗೇ ಮತ್ತೆ ಮತ್ತೆ ಹೋಗು. ತಮಿಳುನಾಡಿನ ಮುದುಮಲೈ ಕಾಡಿನಲ್ಲಿ 1988ರ ಸುಮಾರಿಗೆ ಬೆಂಗಳೂರಿನ ಐಐಎಸ್‌ಸಿಯ ವಿಜ್ಞಾನಿ ಸುಕುಮಾರ್ ಮತ್ತು ಅವರ ತಂಡ 50 ಹೆಕ್ಟೇರ್ ಪ್ಲಾಟ್ ಹಾಕಿದರು, ಅಂದರೆ ಗಿಡಗಳನ್ನು ಅಳೆಯಲು ಅಷ್ಟು ಜಾಗಕ್ಕೆ ಗಡಿ ಗುರುತು ಹಾಕಿಕೊಂಡರು. 1 ಸೆಂಟಿಮೀಟರ್ ದಪ್ಪಕ್ಕಿಂತ ಮೇಲಿನ ಒಂದೊಂದು ಗಿಡಕ್ಕೂ ನಂಬರ್ ತಗಡು ಕಟ್ಟಿದರು. 25 ಸಾವಿರಕ್ಕೂ ಜಾಸ್ತಿ ಗಿಡ! ನಾಲ್ಕು ವರ್ಷಕ್ಕೊಮ್ಮೆ ಎಲ್ಲವನ್ನೂ ಮತ್ತೆ ಅಳೆಯುತ್ತಾರೆ. ಮೊದಲು ಅಲ್ಲಿ ಬಹಳ ಇದ್ದ ಕಿಡಿಯಾ ಅನ್ನುವ ಮರ ಆನೆ ಮುರಿದು, ಬೆಂಕಿ ತಗಲಿ ತೀರಾ ಕಡಿಮೆ ಆಯಿತು. ಆಮೇಲೆ ಕಕ್ಕೆ ಮರ ಜಾಸ್ತಿ ಆಗತೊಡಗಿತು. ಮೂರು ವರ್ಷಕ್ಕೆ ಪ್ರಬಂಧ ಮುಗಿಸಿ ಎದ್ದು ಹೋಗಿದ್ದರೆ ಇದು ಯಾರಿಗೂ ಕಾಣುತ್ತಿರಲಿಲ್ಲ.

ನಾನು ಮಾಡಿದ ತಪ್ಪನ್ನೂ ಹೇಳುತ್ತೇನೆ ಕೇಳು. ಜಿಪಿಎಸ್ ಇಲ್ಲದ ಕಾಲದಲ್ಲಿ ಚಿಂಚೋಳಿಯಲ್ಲಿ ಎಂಟು ಪ್ಲಾಟ್ ಹಾಕಿದ್ದೆ. ನಾಲ್ಕು ಮೂಲೆಗೆ ಕಟ್ಟಿಗೆ ಗೂಟ, ಮರಗಳಿಗೆ ಕೆಂಪು ಬಣ್ಣ. ನೋಟ್‌ಬುಕ್ಕಿನಲ್ಲಿ "ದೊಡ್ಡ ಬಂಡೆಯಿಂದ ಎಡಕ್ಕೆ" ಅಂತ ಬರೆದಿದ್ದೆ, ಅಷ್ಟೇ. ಎರಡು ವರ್ಷ ಬಿಟ್ಟು ಹೋದರೆ ಗೂಟಗಳು ಯಾರದೋ ಒಲೆ ಸೇರಿದ್ದವು, ಬಣ್ಣ ತೊಗಟೆ ಜೊತೆ ಉದುರಿತ್ತು. ಎಂಟರಲ್ಲಿ ಸಿಕ್ಕಿದ್ದು ಎರಡು. ಆ ಬಂಡೆಯ ಮೇಲೆ ಕೂತು ಅತ್ತಿದ್ದೇನೆ, ನಿಮ್ಮಪ್ಪನಿಗೂ ಇದು ಗೊತ್ತಿಲ್ಲ. ನೀನು ಮೂಲೆಗೆ ಕಬ್ಬಿಣದ ತುಂಡನ್ನು ನೆಲದೊಳಗೆ ಹೂಳು, ಮೇಲೆ ಕಾಣಿಸಿದರೆ ಗುಜರಿಗೆ ಹೋಗುತ್ತದೆ. ಜಿಪಿಎಸ್ ಇದ್ದರೂ ಅಲುಗಾಡದ ಎರಡು ಬಂಡೆಗಳಿಂದ ಟೇಪು ಹಿಡಿದು ದೂರ ಬರೆದಿಡು. ಮರವನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆದ ಜಾಗಕ್ಕೆ ಗೆರೆ ಎಳೆ, ಮುಂದಿನ ಸಲ ಯಾರೇ ಬಂದರೂ ಅಲ್ಲೇ ಟೇಪು ಸುತ್ತಬೇಕು. ಫೆಲೋಶಿಪ್ ಐದು ವರ್ಷಕ್ಕೆ ಮುಗಿಯುತ್ತದೆ. ನಿನ್ನ ನಂತರ ಬರುವವರಿಗೆ ಅರ್ಥ ಆಗುವ ಹಾಗೆ ಬರೆ.

ಜಾಲಿ ಕಂಟಿ ಅಂದೆಯಲ್ಲ. ದಸರಾಕ್ಕೆ ಹಂಚುವ ಬನ್ನಿ ಮತ್ತು ಈ ಬಳ್ಳಾರಿ ಜಾಲಿ ಎರಡನ್ನೂ ಬಹಳ ಕಾಲ ಪ್ರೊಸೋಪಿಸ್ ಅನ್ನುವ ಒಂದೇ ಕುಲದಲ್ಲಿ ಇಟ್ಟಿದ್ದರು. ಬನ್ನಿ ನಮ್ಮ ನೆಲದ್ದು, ಬಳ್ಳಾರಿ ಜಾಲಿ ಮಧ್ಯ, ದಕ್ಷಿಣ ಅಮೆರಿಕದ ಕಡೆಯದು. ಕುರಿ ಮೇಕೆ ಜಾಲಿ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಬಿತ್ತುತ್ತವೆ, ಕಡಿದರೆ ಬುಡದಿಂದ ಚಿಗುರುತ್ತದೆ. ಆದರೆ ಅದರ ಇದ್ದಲು ಮಾರಿ ಊಟ ಮಾಡುವ ಮನೆಗಳೂ ಇವೆ. ಕಿತ್ತುಹಾಕಿ ಅಂತ ವರದಿ ಬರೆಯುವ ಮೊದಲು ಅವರ ಹತ್ತಿರ ಕೂತು ಮಾತಾಡು. ಕುರಿಗಾರರ ಹತ್ತಿರವೂ. ತೆನೆ ಬಿಡದ ಹುಲ್ಲನ್ನು ನಾನು ಗುರುತಿಸಲು ಕಲಿತದ್ದು ಅವರಿಂದಲೇ.

ಅಕ್ಟೋಬರ್‌ನಲ್ಲಿ ಬಾ, ಹುಲ್ಲು ತೆನೆ ಬಿಟ್ಟಿರುತ್ತದೆ. ಧಾಮದೊಳಗೆ ಹೋಗಲು ಪರವಾನಗಿ ಬೇಕು, ಅರ್ಜಿ ಈಗಲೇ ಹಾಕು. ಚಂದ್ರಂಪಳ್ಳಿ ಡ್ಯಾಮ್ ಕಡೆಯಿಂದ ಹೋಗೋಣ. ಉಳಿದ ಆ ಎರಡು ಪ್ಲಾಟ್ ತೋರಿಸುತ್ತೇನೆ. ನೋಟ್‌ಬುಕ್ಕುಗಳನ್ನು ಒರೆಸಿ ಟ್ರಂಕಿನಿಂದ ಹೊರಗೆ ಇಟ್ಟಿದ್ದೇನೆ, ಇನ್ನು ಅವು ನಿನ್ನವು.

ನಿನ್ನ ಕಾಕಾ
ಕಲಬುರಗಿ