ಎರಡು ಎಕೋ ಸ್ಕ್ಯಾನ್‌ಗೆ ನಿಮ್ಮ ಸಹಾಯ ಬೇಕು

ನಮಸ್ಕಾರ. ನಮ್ಮ ಟ್ರಸ್ಟ್ ಈ ಸಲ ಕೇಳುತ್ತಿರುವುದು ಪೇಸ್‌ಮೇಕರ್‌ಗೆ ಹಣ ಅಲ್ಲ. ಅದನ್ನು ಹಾಕುವ ಮೊದಲು ಒಂದು, ಹಾಕಿ 6 ತಿಂಗಳಾದ ಮೇಲೆ ಇನ್ನೊಂದು, ಸರಿಯಾಗಿ ಮಾಡಿದ ಎಕೋ ಸ್ಕ್ಯಾನ್‌ಗೆ, ಅಂದರೆ ಹೃದಯದ ಅಲ್ಟ್ರಾಸೌಂಡ್‌ಗೆ.

ಹಾರ್ಟ್ ಫೇಲ್ಯೂರ್ (ಹೃದಯ ಸಾಕಷ್ಟು ರಕ್ತ ತಳ್ಳಲಾಗದ ಸ್ಥಿತಿ) ಇರುವ ಕೆಲವರಲ್ಲಿ ಎಡ ಹೃತ್ಕುಕ್ಷಿಯ (ಮೈಗೆಲ್ಲ ರಕ್ತ ತಳ್ಳುವ ಕೋಣೆಯ) ಗೋಡೆಗಳು ಒಟ್ಟಿಗೆ ಕುಗ್ಗುವುದಿಲ್ಲ. ಒಂದು ಗೋಡೆ ಕುಗ್ಗುವಾಗ ಎದುರಿನದ್ದು ಹಿಗ್ಗುತ್ತದೆ, ರಕ್ತವನ್ನು ಹೊರಗೆ ತಳ್ಳಬೇಕಾದ ಶಕ್ತಿ ಒಳಗೇ ಪೋಲಾಗುತ್ತದೆ. ಎಡ, ಬಲ ಎರಡೂ ಕಡೆ ತಂತಿ ಇಟ್ಟು ಬಡಿತ ಹೊಂದಿಸುವ ಪೇಸ್‌ಮೇಕರ್ ಚಿಕಿತ್ಸೆಗೆ ಡಾಕ್ಟರುಗಳು ಸಿಆರ್‌ಟಿ ಅನ್ನುತ್ತಾರೆ. ಒಳ್ಳೆ ಚಿಕಿತ್ಸೆಯೇ, 2005ರ ಕೇರ್-ಎಚ್‌ಎಫ್ ಅಧ್ಯಯನದಲ್ಲಿ ಸಾವು ಕೂಡ ಕಡಿಮೆಯಾಗಿತ್ತು. ಆದರೆ ಸುಮಾರು ಮೂವರಲ್ಲಿ ಒಬ್ಬರಿಗೆ ನಿರೀಕ್ಷಿಸಿದಷ್ಟು ಗುಣ ಕಾಣುವುದಿಲ್ಲ. ಎದೆಯಲ್ಲಿ ಯಂತ್ರ ಇದೆ, ಮೆಟ್ಟಿಲು ಹತ್ತಿದರೆ ಏದುಸಿರು ಹಾಗೇ ಇದೆ.

"ಎಕೋ ಮಾಡಿದರೆ ಮೊದಲೇ ಗೊತ್ತಾಗುತ್ತೆ ಅಲ್ವಾ?" ಅಂತ ಕೇಳುತ್ತೀರಿ. ಸುಮ್ನೆ ಹೌದು ಅಂದರೆ ದೇಣಿಗೆ ಜಾಸ್ತಿ ಬರಬಹುದು, ಆದರೆ ಅದು ಅರ್ಧ ಸತ್ಯ. 2008ರ ಪ್ರಾಸ್ಪೆಕ್ಟ್ ಅಧ್ಯಯನ 498 ಜನರಲ್ಲಿ 12 ಬಗೆಯ ಎಕೋ ಅಳತೆಗಳನ್ನು ನೋಡಿತು, ಯಾವ ಒಂದೂ ತೀರ್ಮಾನಕ್ಕೆ ಸಾಲಲಿಲ್ಲ. ಒಂದೇ ಸ್ಕ್ಯಾನನ್ನು ಬೇರೆ ಬೇರೆಯವರು ಅಳೆದಾಗ ಅಂಕಿ ಬೇರೆ ಬಂದದ್ದೂ ಇದಕ್ಕೆ ಒಂದು ಕಾರಣ. 2013ರ ಎಕೋ-ಸಿಆರ್‌ಟಿ ಫಲಿತಾಂಶ ಇನ್ನೂ ಕಹಿ. ಇಸಿಜಿಯಲ್ಲಿ ಕ್ಯೂಆರ್‌ಎಸ್ (ವಿದ್ಯುತ್ ಸಂಕೇತ ಹೃತ್ಕುಕ್ಷಿಗಳಲ್ಲಿ ಹರಡಲು ಹಿಡಿಯುವ ಸಮಯ) 130 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದು, ಎಕೋದಲ್ಲಿ ಮಾತ್ರ ತಾಳ ತಪ್ಪಿದ್ದವರಿಗೆ ಸಿಆರ್‌ಟಿ ಚಾಲೂ ಮಾಡಿದಾಗ ಸಾವು ಹೆಚ್ಚಾಯಿತು. ಹಾಗಾಗಿ ಮೊದಲ ಮಾತು ಇಸಿಜಿಯದ್ದೇ. ಎಡ ಬಂಡಲ್ ಬ್ರಾಂಚ್ ಬ್ಲಾಕ್ (ಎಡ ಹೃತ್ಕುಕ್ಷಿಗೆ ವಿದ್ಯುತ್ ಸಂಕೇತ ತಡವಾಗಿ ತಲುಪುವ ತೊಂದರೆ) ಇದ್ದು ಕ್ಯೂಆರ್‌ಎಸ್ 150 ದಾಟಿದವರಿಗೆ ಲಾಭ ಜಾಸ್ತಿ.

ಮತ್ತೆ ಎಕೋ ಯಾಕೆ? ಎಡ, ಬಲ ಹೃತ್ಕುಕ್ಷಿಗಳ ನಡುಗೋಡೆ ಬಡಿತದ ಶುರುವಿನಲ್ಲೇ ಚಟ್ಟನೆ ಒಳಗೆ ಎಳೆದುಕೊಳ್ಳುವುದು, ಹೃದಯದ ತುದಿ ತೂಗಾಡುವುದು, ಇವು ಕಂಡವರಿಗೆ ಸಿಆರ್‌ಟಿ ಫಲ ಕೊಡುವ ಸಾಧ್ಯತೆ ಹೆಚ್ಚು. ಇದನ್ನು ಗುರುತಿಸಲು ಪಳಗಿದ ಕಣ್ಣು ಬೇಕು. ಸ್ಟ್ರೇನ್ ಸಾಫ್ಟ್‌ವೇರ್ (ಹೃದಯದ ಸ್ನಾಯು ಎಷ್ಟು ಕುಗ್ಗುತ್ತದೆ ಅಂತ ಅಳೆಯುವುದು) ಇದ್ದರೆ ಯಾವ ಭಾಗ ತಡವಾಗಿ ಕುಗ್ಗುತ್ತಿದೆ, ಯಾವುದು ಕುಗ್ಗುತ್ತಲೇ ಇಲ್ಲ ಅನ್ನುವುದೂ ತಿಳಿಯುತ್ತದೆ. ಸತ್ತ ಸ್ನಾಯುವಿನ ಮೇಲೆ ತಂತಿ ಕೂತರೆ ಏನು ಪ್ರಯೋಜನ? ಆಮೇಲೆ 6 ತಿಂಗಳ ಎಕೋ. ಹೃದಯ ಕುಗ್ಗಿದ ಮೇಲೂ ಒಳಗೆ ಉಳಿಯುವ ರಕ್ತ ಶೇ. 15ರಷ್ಟಾದರೂ ಇಳಿದಿದ್ದರೆ ಫಲ ಸಿಕ್ಕಿತು ಅಂತ ಸಾಮಾನ್ಯ ಲೆಕ್ಕ. ಕೈಯಲ್ಲಿ ದುಡ್ಡಿಲ್ಲದವರು ಬಿಟ್ಟುಬಿಡುವುದು ಈ ಎರಡನೇ ಸ್ಕ್ಯಾನನ್ನೇ.

ನಿಮ್ಮ ಹಣ ಸಾಫ್ಟ್‌ವೇರ್‌ಗೆ, ಟೆಕ್ನಿಷಿಯನ್‌ಗಳ ತರಬೇತಿಗೆ, ಎರಡೂ ಸ್ಕ್ಯಾನ್‌ಗಳ ಖರ್ಚಿಗೆ ಹೋಗುತ್ತದೆ. ಪ್ರತಿ ಸ್ಕ್ಯಾನನ್ನು ಇಬ್ಬರು ಬೇರೆಬೇರೆಯಾಗಿ ಓದುತ್ತಾರೆ. ಎಷ್ಟಾದರೂ ಕೊಡಿ, ರಸೀದಿ ಕೊಡುತ್ತೇವೆ. ಎಕೋ ಓದಲು ಬರುವವರು ದುಡ್ಡಿನ ಬದಲು ತಿಂಗಳಿಗೆ ಒಂದೆರಡು ಗಂಟೆ ಕೊಟ್ಟರೂ ಆಗುತ್ತದೆ. ನಿಜ ಹೇಳಬೇಕೆಂದರೆ ಹಣಕ್ಕಿಂತ ಅವರು ಸಿಗುವುದೇ ಕಷ್ಟ.