ಚೌಕಿಪೇಟೆಯಲ್ಲಿ ಕೊನೆಯ ಕಂತು ಕಟ್ಟಿ ಬಂದೆ

ಮೊನ್ನೆ ಸೋಮವಾರ ಬೆಳಿಗ್ಗೆ ನಮ್ಮ ದಾವಣಗೆರೆಯ ಚೌಕಿಪೇಟೆಯ ಬಟ್ಟೆ ಸಾವ್ಕಾರ್ರ ಅಂಗಡಿಗೆ ಹೋಗಿ ಸಾಲದ ಕೊನೆಯ ಕಂತು 15,000 ರೂಪಾಯಿ ಕೊಟ್ಟೆ. ಅವರು ಎಣಿಸಲಿಲ್ಲ. ಹಳೇ ಖಾತೆ ಪುಸ್ತಕ ತೆಗೆದರು, ನನ್ನ ಹೆಸರಿನ ಹಾಳೆ ಹುಡುಕಿದರು, ಮೇಲಿಂದ ಕೆಳಗೆ ಒಂದು ಗೀಟು ಎಳೆದರು. "ಮುಗೀತಪ್ಪ" ಅಂದರು. ಹುಡುಗನನ್ನು ಕರೆದು ಎರಡು ಚಹಾ ಹೇಳಿದರು. ಚಹಾ ಬಂತು, ನನಗೆ ಕುಡಿಯೋಕಾಗಲಿಲ್ಲ. ಐದು ವರ್ಷ ಆ ಒಂದು ಗೀಟಿಗೆ ಕಾದಿದ್ದೆ. ಕಣ್ಣು ತುಂಬಿ ಬಂತು. ಅವರು ನೋಡಿಯೂ ನೋಡದ ಹಾಗೆ ಯಾವುದೋ ಥಾನಿನ ಲೇಬಲ್ ಓದುತ್ತಾ ಕೂತರು.

ಹೊರಗೆ ಹೆಂಡತಿ ಕಾಯುತ್ತಿದ್ದಳು. ಇಬ್ಬರೂ ಹೋಗಿ ಬೆಣ್ಣೆ ದೋಸೆ ತಿಂದೆವು. ದಾವಣಗೆರೆಯಲ್ಲೇ ಇದ್ದೂ ಹೋಟೆಲಲ್ಲಿ ಕೂತು ದೋಸೆ ತಿಂದು ಐದು ವರ್ಷವಾಗಿತ್ತು. ಬಿಲ್ ನಾನೇ ಕೊಡ್ತೀನಿ ಅಂತ ಅವಳು ಹಟ ಹಿಡಿದಳು. ಕೊಡಲಿ ಅಂತ ಬಿಟ್ಟೆ.

ಯಾರ್‍ಯಾರಿಗೆ ಹಣ ಕೊಡಬೇಕಿತ್ತೋ ಅವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಕೊಟ್ಟಾಯಿತು. ಕಾದು ಕೂತವರಿಗೆ, ಕೈ ಹಿಡಿದವರಿಗೆ ಬಾಯಿ ಬಿಟ್ಟು ಧನ್ಯವಾದ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ದರ್ಜಿ. ಮುಖ್ಯವಾಗಿ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತೇನೆ. ಈ ಕೆಲಸಕ್ಕೆ ಸೀಸನ್ ಅಂದರೆ ಏಪ್ರಿಲ್‌ನಿಂದ ಜೂನ್. ಬಟ್ಟೆಯನ್ನು ಫೆಬ್ರವರಿ, ಮಾರ್ಚ್‌ನಲ್ಲೇ ಉದ್ರಿ ತಂದು ಹಾಕಿಕೊಳ್ಳಬೇಕು. ಶಾಲೆ ಶುರುವಾದ ಮೇಲೆ ದುಡ್ಡು ಬರುತ್ತದೆ, ಆಗ ಸಾವ್ಕಾರ್ರಿಗೆ ಕಟ್ಟುತ್ತೇವೆ. ವರ್ಷಾನುಗಟ್ಟಲೆ ಹೀಗೇ ನಡೆದಿತ್ತು. 2020ರಲ್ಲೂ ಹಾಗೇ ತಂದೆ, ಅದೂ ಸ್ವಲ್ಪ ಜಾಸ್ತಿಯೇ ತಂದೆ. ಹೊಸದೊಂದು ಶಾಲೆಯ ಆರ್ಡರ್ ಸಿಕ್ಕಿತ್ತು. ಅರ್ಧದಷ್ಟು ಕಟಿಂಗ್ ಆಗಿತ್ತು. ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು.

ಮುಂದಿನದು ನಿಮಗೆಲ್ಲ ಗೊತ್ತು. 10ನೇ ತರಗತಿ ಮತ್ತು ದ್ವಿತೀಯ ಪಿಯುಸಿ ಮಕ್ಕಳು ಕ್ಲಾಸಿಗೆ ಬಂದಿದ್ದು 2021ರ ಜನವರಿ 1ಕ್ಕೆ. 1ರಿಂದ 5ನೇ ತರಗತಿ ಶುರುವಾಗಿದ್ದು ಅದೇ ವರ್ಷ ಅಕ್ಟೋಬರ್ 25ಕ್ಕೆ. ನನ್ನ ಗಿರಾಕಿಗಳು ಜಾಸ್ತಿ ಈ ಚಿಕ್ಕ ಮಕ್ಕಳೇ. ಮೂರನೇ ಕ್ಲಾಸು ಮುಗಿಸಿ ಅಳತೆ ಕೊಡಬೇಕಿದ್ದವರು ಐದನೇ ಕ್ಲಾಸಿಗೆ ಬಂದಿದ್ದರು. ಹೊಲಿದಿಟ್ಟ ಅಂಗಿ ಭುಜಕ್ಕೆ ಹತ್ತುತ್ತಿರಲಿಲ್ಲ. ಆ ಹೊಸ ಶಾಲೆಯವರು ಯೂನಿಫಾರ್ಮ್ ಬಣ್ಣವನ್ನೇ ಬದಲಾಯಿಸಿದರು. ಅವರಿಗೂ ಅವರದೇ ಕಷ್ಟ ಇತ್ತೇನೋ. ನನ್ನ ಹತ್ತಿರ ಮಾತ್ರ 140 ಜೊತೆ ಉಳಿದವು.

ಕೂತು ಲೆಕ್ಕ ಹಾಕಿದಾಗ ಸಾಲ 8,40,000 ರೂಪಾಯಿ. ಹನ್ನೊಂದು ಹೆಸರು. ಚೌಕಿಪೇಟೆ ಸಾವ್ಕಾರ್ರು, ಚೀಟಿ ನಡೆಸುವವರು, ಮಳಿಗೆ ಬಾಡಿಗೆ, ಇಬ್ಬರು ಸಂಬಂಧಿಕರ ಕೈಗಡ, ಗುಂಡಿ ಮತ್ತು ದಾರ ಕೊಡುವ ಅಂಗಡಿ, ಹೊಲಿಗೆಯವರ ಪೀಸ್ ಲೆಕ್ಕದ ಬಾಕಿ, ಹೀಗೆ. "ಅಂಗಡಿ ಮುಚ್ಚಿ ಬೆಂಗಳೂರಿಗೆ ಹೋಗು, ಗಾರ್ಮೆಂಟ್ಸಲ್ಲಿ ಕೆಲಸ ಸಿಗುತ್ತೆ, ಯಾರು ಹುಡುಕಿಕೊಂಡು ಬರ್ತಾರೆ" ಅಂದವರಿದ್ದರು. ಕೆಟ್ಟವರಲ್ಲ ಅವರು, ನನ್ನ ಮೇಲಿನ ಕರುಣೆಯಿಂದಲೇ ಹೇಳಿದ್ದು. ಒಂದು ರಾತ್ರಿ ನಾನೂ ಹಾಗೇ ಯೋಚನೆ ಮಾಡಿದ್ದೆ.

ತಡೆದಿದ್ದು ಅಪ್ಪನ ನೆನಪು. ಅಪ್ಪ ಇಲ್ಲಿನ ಕಾಟನ್ ಮಿಲ್ಲಿನಲ್ಲಿ ದುಡಿದವರು. ಮಿಲ್ಲು ನಿಂತ ಮೇಲೆ ಮನೆಯಲ್ಲೇ ಹೊಲಿಗೆ ಶುರು ಮಾಡಿದರು. ನನಗೆ ಕತ್ತರಿ ಹಿಡಿಯೋಕೆ ಕಲಿಸುವ ಮೊದಲು ಅವರು ಕಲಿಸಿದ್ದು ಒಂದೇ ವಿಷಯ. ಗಿರಾಕಿ ತಂದ ಬಟ್ಟೆಯಲ್ಲಿ ಉಳಿದ ತುಂಡನ್ನು ಮಡಚಿ, ಹೊಲಿದ ಅಂಗಿಯ ಜೇಬಿನೊಳಗೇ ಇಡಬೇಕು. ನಾಲ್ಕು ಬೆರಳಗಲದ ತುಂಡಾದರೂ ಸರಿ. "ಅದು ಅವರ ಬಟ್ಟೆ ಕಣಪ್ಪ. ನಮ್ಮದು ಹೊಲಿಗೆ ಮಾತ್ರ" ಅನ್ನುತ್ತಿದ್ದರು. ಬೈಬಲ್ಲಿನ ಸುಂಕದವ ಜಕ್ಕಾಯನ ಕತೆ ಅವರಿಗೆ ಬಲು ಇಷ್ಟ. ಯೇಸು ತನ್ನ ಮನೆಗೆ ಬಂದಾಗ ಜಕ್ಕಾಯ ಸುಮ್ನೆ ಕೈ ಮುಗಿದು ಕೂರಲಿಲ್ಲ, ಯಾರಿಗಾದರೂ ಮೋಸ ಮಾಡಿದ್ದರೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂತ ಎದ್ದು ನಿಂತ. ಅಪ್ಪ ಇದನ್ನು ಹೇಳುವಾಗ ಹೊಲಿಗೆ ಯಂತ್ರದ ಪೆಡಲ್ ನಿಲ್ಲಿಸುತ್ತಿದ್ದರು. ಅಪ್ಪ ಹೋಗಿ ಹನ್ನೆರಡು ವರ್ಷವಾಯಿತು. ಮೊದಲ ಧನ್ಯವಾದ ಅವರಿಗೆ.

ಆ ರಾತ್ರಿ ಕಳೆದ ಮಾರನೇ ದಿನ ಕೆಂಪು ರಟ್ಟಿನ ಒಂದು ಉದ್ದನೆ ಪುಸ್ತಕ ತಂದೆ. ಹನ್ನೊಂದು ಹೆಸರು ಬರೆದೆ. ಒಬ್ಬೊಬ್ಬರ ಮುಂದೆ ಹೋಗಿ ನಿಂತೆ. "ಓಡಿ ಹೋಗಲ್ಲ. ಇಷ್ಟಿಷ್ಟೇ ಕೊಡ್ತೀನಿ. ಎಷ್ಟು ವರ್ಷ ಆಗುತ್ತೋ ಗೊತ್ತಿಲ್ಲ" ಅಂದೆ. ಅಷ್ಟೇ ಹೇಳೋಕೆ ನನ್ನಿಂದ ಆಗಿದ್ದು. ಹೌದಾದರೆ ಹೌದು ಅನ್ನಿ, ಇಲ್ಲವಾದರೆ ಇಲ್ಲ ಅನ್ನಿ ಅಂತ ಯೇಸು ಬೆಟ್ಟದ ಮೇಲೆ ಹೇಳಿದ ಮಾತು ಚಿಕ್ಕಂದಿನಿಂದ ಕೇಳಿದ್ದೆ. ಸಾಲ ಕೊಟ್ಟವರ ಎದುರು ನಿಂತಾಗಲೇ ಅದು ಎಷ್ಟು ಭಾರದ ಮಾತು ಅಂತ ತಿಳಿದಿದ್ದು.

ಸಾವ್ಕಾರ್ರು ಬಡ್ಡಿ ಬೇಡ ಅಂದರು. "ನಿಮ್ಮಪ್ಪನ ಕಾಲದಿಂದ ನೋಡೀನಿ" ಅಂತ ಒಂದೇ ಮಾತು. ಮತ್ತೆ ಐದು ವರ್ಷದಲ್ಲಿ ಒಂದು ಸಲವೂ ಫೋನ್ ಮಾಡಲಿಲ್ಲ. ಕಂತು ತಪ್ಪಿದ ತಿಂಗಳು ನಾನೇ ಹೋಗಿ ತಲೆ ತಗ್ಗಿಸಿ ನಿಂತರೆ, ಮುಂದಿನ ಸೀಸನ್ನಿಗೆ ಯಾವ ಬಟ್ಟೆ ಬೇಕು ಅಂತ ಕೇಳುತ್ತಿದ್ದರು. ಸಾಲದವನಿಗೆ ಮತ್ತೆ ಉದ್ರಿ! ಸಾವ್ಕಾರ್ರೇ, ನಿಮ್ಮ ಅಂಗಡಿಯ ಗೋಡೆ ಮೇಲೆ ಬಸವಣ್ಣನವರ ಫೋಟೋ ಇದೆ, ನನ್ನ ಅಂಗಡಿಯಲ್ಲಿ ಯೇಸುವಿನ ಫೋಟೋ ಇದೆ. ಭಾನುವಾರ ಚರ್ಚಿನಲ್ಲಿ ನಾನು ಕೇಳಿಸಿಕೊಂಡು ಬಂದದ್ದನ್ನು ನೀವು ಸೋಮವಾರ ಮಾಡಿ ತೋರಿಸಿದಿರಿ. ಇದನ್ನು ಎದುರಿಗೆ ಹೇಳಿದರೆ ನೀವು ಮಾತು ತೇಲಿಸಿಬಿಡುತ್ತೀರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಳಿಗೆಯ ಅಜ್ಜಿಗೂ ನಮಸ್ಕಾರ. ನಾಲ್ಕು ತಿಂಗಳ ಬಾಡಿಗೆ ಬಿಟ್ಟರು. "ಬಾಗಿಲು ತೆಗೆದ ಮೇಲೆ ಬಾಡಿಗೆ ಮಾತು" ಅಂದರು.

ನಮ್ಮ ಕಟಿಂಗ್ ಮಾಸ್ಟರ್ ಬಗ್ಗೆ ಹೇಳಲೇಬೇಕು. ಇಪ್ಪತ್ತು ವರ್ಷದಿಂದ ಜೊತೆಗಿದ್ದಾರೆ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗಿ ಬಂದು ಮತ್ತೆ ಟೇಬಲ್ ಮುಂದೆ ನಿಲ್ಲುವವರು. ಅರ್ಧ ಪಗಾರಕ್ಕೆ ಹದಿನೆಂಟು ತಿಂಗಳು ದುಡಿದರು. ಬೇರೆ ಕಡೆ ಕರೆದರೂ ಹೋಗಲಿಲ್ಲ. ಉಳಿದ 140 ಜೊತೆಯನ್ನು ಏನು ಮಾಡೋದು ಅಂತ ನಾನು ತಲೆ ಕೆಡಿಸಿಕೊಂಡಿದ್ದಾಗ, ಅವರು ಒಂದು ಅಂಗಿಯನ್ನು ಟೇಬಲ್ ಮೇಲೆ ಹರಡಿದರು. ಬಗಲಿನ ಹೊಲಿಗೆ ಬಿಚ್ಚಿದರು. ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಉಗುರಿನಿಂದ ತೀಡಿ ಎಷ್ಟಿದೆ ಅಂತ ಅಳೆದರು. ಎರಡೂ ಕಡೆಗೆ ಅದೇ ಬಣ್ಣದ ಪಟ್ಟಿ ಕೊಟ್ಟು ಅಗಲ ಮಾಡಿದರು. ಅಂಚು ಮಡಿಕೆ ಬಿಚ್ಚಿ ಉದ್ದ ಮಾಡಿದರು. ಅಪ್ಪ ಯಾವಾಗಲೂ ಒಳಗೆ ಒಂದಿಂಚು ಜಾಸ್ತಿ ಬಟ್ಟೆ ಬಿಡು, ಮಕ್ಕಳು ಬೆಳೀತಾರೆ ಅನ್ನುತ್ತಿದ್ದರು. ಆ ಒಂದಿಂಚು ನಮ್ಮನ್ನು ಉಳಿಸಿತು. ಬಣ್ಣ ಬದಲಾಯಿಸದ ಇನ್ನೊಂದು ಶಾಲೆಗೆ ಅದರಲ್ಲಿ ತೊಂಬತ್ತು ಜೊತೆ ಹೋದವು. ಮಾಸ್ಟರ್, ನಿಮ್ಮ ಉಳಿದ ಅರ್ಧ ಪಗಾರ ನನ್ನ ಪುಸ್ತಕದಲ್ಲಿ ಮೂರನೇ ಹೆಸರಾಗಿತ್ತು. ಅದನ್ನು ತೀರಿಸಿದ ದಿನ ನೀವು ಮನೆಯಿಂದ ಬಿರಿಯಾನಿ ತಂದಿರಿ.

ಹೆಂಡತಿ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಯಂತ್ರದ ಮುಂದೆ ಕೂತಿದ್ದು ಆಗಲೇ. ಅಂಗಿ ಬಟ್ಟೆಯಲ್ಲೇ ಮಾಸ್ಕ್ ಹೊಲಿದು ಮಾರಿದಳು. ರಾತ್ರಿ ಜಪಸರ ಹೇಳುವಾಗ ನಿದ್ದೆಯಲ್ಲಿ ತೂಗುತ್ತಿದ್ದಳು, ಮಣಿ ಮಾತ್ರ ಬಿಡುತ್ತಿರಲಿಲ್ಲ.

ಚರ್ಚಿನವರ ಬಗ್ಗೆ. ಬಡವರ ಮನೆಗೆ ರೇಷನ್ ಹಂಚುವ ನಮ್ಮ ಗುಂಪಿನಲ್ಲಿ ನಾನೂ ಇದ್ದೆ. ಚೀಲ ಹೊತ್ತು ಎಷ್ಟೋ ಬಾಗಿಲು ತಟ್ಟಿದ್ದೇನೆ. 2020ರ ಜೂನ್‌ನಲ್ಲಿ ಅದೇ ಚೀಲ ನಮ್ಮ ಮನೆಗೆ ಬಂತು. ಕೊಡುವ ಕೈಗೆ ತಗೊಳ್ಳೋದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ತಂದವರು ಒಳಗೆ ಬರಲಿಲ್ಲ, ಫೋಟೋ ತೆಗೆಯಲಿಲ್ಲ, ಮತ್ತೆ ಯಾರ ಮುಂದೆಯೂ ಆಡಲಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅನ್ನುವುದನ್ನು ನೀವು ಅಕ್ಷರಶಃ ಪಾಲಿಸಿದಿರಿ. ಹಿಂದೆ ನಾನು ಹಂಚುವಾಗ ಫೋಟೋಕ್ಕೆ ನಿಂತಿದ್ದೇನೆ. ಆ ಮನೆಗಳವರ ಕ್ಷಮೆ ಕೇಳುತ್ತೇನೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಬರೆಯದೇ ಬಿಟ್ಟರೆ ಈ ಧನ್ಯವಾದ ಪೂರ್ತಿ ಆಗಲ್ಲ.

2022ರ ಮಾರ್ಚ್. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಒಬ್ಬ ತಾಯಿ ಮಗನ ಎರಡು ಜೊತೆ ಹೊಲಿಸಿದ್ದರು. 650 ರೂಪಾಯಿ ಬಾಕಿ. ನವೆಂಬರ್‌ನಿಂದ ಕೊಟ್ಟಿರಲಿಲ್ಲ. ಅವತ್ತು ಬೆಳಿಗ್ಗೆ ಚೀಟಿಯವರು ನನಗೆ ಇನ್ನೂ ಮೂರು ತಿಂಗಳು ಗಡುವು ಕೊಟ್ಟಿದ್ದರು. ಮಧ್ಯಾಹ್ನ ಆ ತಾಯಿ ಪ್ಯಾಂಟಿನ ಹುಕ್ ಹಾಕಿಸೋಕೆ ಬಂದರು. ನಾನು ನಾಲ್ಕು ಜನರ ಎದುರು ಕೂಗಾಡಿದೆ. ಅವರು ಒಂದು ಮಾತೂ ಆಡಲಿಲ್ಲ. ಸೆರಗಿನ ಗಂಟು ಬಿಚ್ಚಿ, ಮಸಿ ಹತ್ತಿದ ಬೆರಳಲ್ಲಿ 200 ರೂಪಾಯಿ ಎಣಿಸಿ ಟೇಬಲ್ ಮೇಲಿಟ್ಟು ಹೋದರು. ಹುಕ್ ಹಾಕಿಸಲೇ ಇಲ್ಲ.

ಮಾರನೇ ದಿನ, ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಮೂರನೇ ವಾರದ ಮಂಗಳವಾರ. ಅವತ್ತಿನ ಪೂಜೆಯಲ್ಲಿ ಓದುವುದು ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯ. ಅದರಲ್ಲಿ ಯೇಸು ಒಂದು ಕತೆ ಹೇಳುತ್ತಾನೆ. ರಾಜನಿಗೆ ಒಬ್ಬ ಆಳು 10,000 ತಲಾಂತು ಕೊಡಬೇಕಿತ್ತು. ಒಂದು ತಲಾಂತು ಅಂದರೆ ಕೂಲಿಯವನ ಹೆಚ್ಚುಕಡಿಮೆ 20 ವರ್ಷದ ದುಡಿಮೆ. ರಾಜ ಪೂರ್ತಿ ಮನ್ನಾ ಮಾಡಿದ. ಅದೇ ಆಳು ಹೊರಗೆ ಬಂದು, ತನಗೆ 100 ದೆನಾರಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದ. 100 ದಿನದ ಕೂಲಿಗೆ! ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ತಲೆ ಎತ್ತಲಾಗಲಿಲ್ಲ. ನಂತರ ಪಾಪನಿವೇದನೆಗೆ ಹೋದೆ. ಫಾದರ್ ಪೂರ್ತಿ ಕೇಳಿಸಿಕೊಂಡು, "ದಿನಾ ಹೇಳುವ ಪರಲೋಕ ಮಂತ್ರದಲ್ಲಿ ತಪ್ಪುಗಳನ್ನು ಕ್ಷಮಿಸು ಅಂತೀವಲ್ಲ, ಮತ್ತಾಯ ಬರೆದ ಗ್ರೀಕಿನಲ್ಲಿ ಅಲ್ಲಿರುವ ಪದಕ್ಕೆ ಸಾಲ ಅಂತಲೇ ಅರ್ಥ" ಅಂದರು. "ಮೊದಲು ಆ ತಾಯಿಯ ಹತ್ತಿರ ಹೋಗಿ ಬಾ" ಅಂದರು.

ಹೋದೆ. ಭಟ್ಟಿಯ ಹೊಗೆಯಲ್ಲಿ ಹುಡುಕಿದೆ. ತಪ್ಪಾಯಿತಮ್ಮ, ಬಾಕಿ ಕೊಡೋದು ಬೇಡ ಅಂದೆ. ಅವರು ಬಿಸಿ ಮಂಡಕ್ಕಿಯ ಜರಡಿ ಕೆಳಗಿಟ್ಟರು. "ಬಿಡ್ರಿ ಅಣ್ಣಾ, ನಿಮಗೂ ತ್ರಾಸಿತ್ತು. ಆದ್ರೆ ಹೊಲಿಗೆ ಕೂಲಿ ಇಟ್ಕೊಂಡು ನನ್ನ ಮಗ ಅಂಗಿ ಹಾಕ್ಕೋಬಾರದು" ಅಂದರು. ಮೂರು ಸಲಕ್ಕೆ 450 ರೂಪಾಯಿ ತಂದು ಕೊಟ್ಟರು. ನಾನು ಪ್ಯಾಂಟಿಗೆ ಹುಕ್ ಹಾಕಿಕೊಟ್ಟೆ. ಅಮ್ಮಾ, ನಿಮ್ಮ ಹೆಸರು ಬರೆಯಲ್ಲ. ನಿಮ್ಮ ಮಗ ಈಗ ಹೈಸ್ಕೂಲು. ಅವನ ಅಳತೆ ಪ್ರತಿ ವರ್ಷ ನಾನೇ ತಗೊಳ್ತೀನಿ.

ಹೋದ ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ನಡೆದೇ ಹೋದೆವು. ಹರಕೆ ಹೆಂಡತಿಯದು. ದಾರಿಯುದ್ದಕ್ಕೂ ಅವಳು ಹನ್ನೊಂದು ಹೆಸರನ್ನು ಹೇಳಿ ಒಬ್ಬೊಬ್ಬರಿಗೆ ಹತ್ತು ಮಣಿ ಜಪ ಮಾಡಿದಳು. ಸಾವ್ಕಾರ್ರಿಗೆ, ಅಜ್ಜಿಗೆ, ಮಾಸ್ಟರಿಗೆ, ಚೀಟಿಯವರಿಗೆ. ಪ್ರೀತಿಸುವ ಋಣ ಒಂದನ್ನು ಬಿಟ್ಟು ಯಾರಿಗೂ ಯಾವ ಸಾಲವನ್ನೂ ಉಳಿಸಿಕೊಳ್ಳಬೇಡಿ ಅಂತ ಬೈಬಲ್ಲಿನಲ್ಲಿ ಸಂತ ಪೌಲ ರೋಮನರಿಗೆ ಬರೆಯುತ್ತಾನೆ. ಆ ಋಣ ಅವಳ ಬಾಯಲ್ಲಿ ಹೆಸರುಗಳಾಗಿ ಕೇಳುತ್ತಿತ್ತು.

ಪುಸ್ತಕದಲ್ಲಿ ಇನ್ನು ಒಂದೇ ಗೀಟು ಬಾಕಿ ಇದೆ. ಅದು ಹನ್ನೊಂದನೇ ಹೆಸರು. ಹಾವೇರಿ ಕಡೆಯ ಹುಡುಗ. ಕಾಜಾ ಗುಂಡಿ ಕೆಲಸ ಮಾಡುತ್ತಿದ್ದ. ಲಾಕ್‌ಡೌನ್ ಆದಾಗ ಬಟವಾಡೆಗೂ ಕಾಯದೆ ಸಿಕ್ಕ ಗಾಡಿ ಹತ್ತಿ ಊರಿಗೆ ಹೋದ. ಅವನ ಎರಡು ವಾರದ ಕೂಲಿ 4,200 ರೂಪಾಯಿ ನನ್ನ ಹತ್ತಿರ ಉಳಿಯಿತು. ಫೋನ್ ನಂಬರ್ ಬದಲಾಗಿದೆ. ಅವನ ಊರಿನ ಕಡೆಯವರು ಸಿಕ್ಕಾಗಲೆಲ್ಲ ಕೇಳಿದ್ದೇನೆ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮುಂಚೆ ಕೊಡಬೇಕು ಅಂತ ಬೈಬಲ್ಲಿನ ಧರ್ಮೋಪದೇಶಕಾಂಡದಲ್ಲಿದೆ. ಐದು ವರ್ಷದ ಹೊತ್ತು ಮುಳುಗಿ ಹೋಗಿದೆ.

ತಮ್ಮಾ, ಇದನ್ನು ನೀನೇ ಓದಿದರೂ ಸರಿ, ನಿನ್ನ ಗುರುತಿನವರು ಓದಿದರೂ ಸರಿ. ಅಂಗಡಿ ಅಲ್ಲೇ ಇದೆ. ಕಟಿಂಗ್ ಟೇಬಲ್ಲಿನ ಎಡಗಡೆ ಡ್ರಾಯರ್‌ನಲ್ಲಿ ನಿನ್ನ ಹೆಸರಿನ ಕವರ್ ಇದೆ. ಬಂದು ತಗೊಂಡು ಹೋಗು. ನೀನು ಬಿಟ್ಟು ಹೋದ ಸಣ್ಣ ಕತ್ತರಿಯೂ ಅದರ ಜೊತೆಗೇ ಇದೆ, ತುಕ್ಕು ಹಿಡಿಯದ ಹಾಗೆ ಎಣ್ಣೆ ಹಚ್ಚಿಟ್ಟಿದ್ದೇನೆ.